ಇಂದಿನ ವಾಚನ ಯಾವುದು?

"ದಿನಾ ಅಂದಿನ ಶುಭಸಂದೇಶ ಓದಿ ಐದು ನಿಮಿಷ ಧ್ಯಾನಿಸಿ" ಎಂದು ಕಥೋಲಿಕ ಕ್ರೈಸ್ತರಿಗೆ ಸಲಹೆ ಕೊಡುವುದುಂಟು, ಒಳ್ಳೆಯದೇ. ಶುಭಸಂದೇಶವೆಂದರೆ ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ. ಆದರೆ ಅಂದಿನ ವಾಚನ, ಅಂದರೆ ಆ ದಿನದ ಪೂಜೆಯಲ್ಲಿ ಓದುವ ಬೈಬಲ್ ಭಾಗ, ಯಾವುದೆಂದು ಹುಡುಕುವುದರಲ್ಲೇ ಹಲವರು ಎಡವುತ್ತಾರೆ. ಹಿಂದಿನ ವರ್ಷದ ವಾಚನಗಳ ಪುಸ್ತಕದಲ್ಲಿ ಅದೇ ತಾರೀಖು ನೋಡಿ ಓದಿದರೆ ತಪ್ಪುತ್ತದೆ.

ಭಾನುವಾರಕ್ಕೆ ಎ, ಬಿ, ಸಿ ಎಂದು ಮೂರು ವರ್ಷಗಳ ಸುತ್ತು: ಕ್ರಮವಾಗಿ ಮತ್ತಾಯ, ಮಾರ್ಕ, ಲೂಕ ಬರೆದ ಶುಭಸಂದೇಶಗಳು. ಇಸವಿ 3ರಿಂದ ನಿಶ್ಶೇಷವಾಗಿ ಭಾಗವಾದರೆ 'ಸಿ' ವರ್ಷ, 2025 ಹಾಗಿತ್ತು. ಆದರೆ ಪೂಜಾವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ) ಮೊದಲ ಭಾನುವಾರ. ಡಿಸೆಂಬರಿನಲ್ಲಿ ಗೊಂದಲವಾಗುವುದು ಇಲ್ಲೇ. ನಾಲ್ಕನೇ ಶುಭಸಂದೇಶ ಬರೆದ ಯೊವಾನ್ನರಿಗೆ ಪ್ರತ್ಯೇಕ ವರ್ಷವಿಲ್ಲ. ಹೆಚ್ಚಾಗಿ ಪಾಸ್ಕ (ಈಸ್ಟರ್) ಕಾಲದಲ್ಲಿ ಬರುತ್ತಾರೆ. ಮಾರ್ಕ ಚಿಕ್ಕದಾದ್ದರಿಂದ 'ಬಿ' ವರ್ಷದಲ್ಲಿ ಐದು ಭಾನುವಾರ ಯೊವಾನ್ನರ 6ನೇ ಅಧ್ಯಾಯಕ್ಕೆ ಸಲ್ಲುತ್ತವೆ.

ಕ್ರಿಸ್ಮಸ್, ಈಸ್ಟರ್‌ನಂಥ ವಿಶೇಷ ಕಾಲಗಳ ಹೊರಗಿನ ಸಾಧಾರಣ ಕಾಲದ ವಾರದ ದಿನಗಳಲ್ಲಿ ಶುಭಸಂದೇಶ ಪ್ರತಿ ವರ್ಷವೂ ಒಂದೇ. ಮೊದಲ ವಾಚನ ಮತ್ತು ಕೀರ್ತನೆ ಮಾತ್ರ ಬೆಸ ಇಸವಿಗೊಂದು, ಸಮ ಇಸವಿಗೊಂದು.

ಸಂತರ ಸ್ಮರಣೆಯ ದಿನ ಸಾಮಾನ್ಯವಾಗಿ ವಾರದ ವಾಚನವೇ ಮುಂದುವರಿಯುತ್ತದೆ, ಸ್ಮರಣೆಗಿಂತ ಮೇಲಿನ ದರ್ಜೆಯ ಹಬ್ಬವಾದರೆ ಬದಲಾಗುತ್ತದೆ. ಮಗ್ದಲದ ಮರಿಯಳ ಜುಲೈ 22ರ ಸ್ಮರಣೆಯನ್ನು 2016ರಲ್ಲಿ ಹಬ್ಬದ ದರ್ಜೆಗೆ ಏರಿಸಲಾಯಿತು. ಸೆಪ್ಟೆಂಬರ್ 8ಕ್ಕೆ, ಅಂದರೆ ಯೇಸುವಿನ ತಾಯಿ ಮರಿಯಳ ಜನ್ಮದಿನವಾದ ಕರಾವಳಿಯವರ ಮೊಂತಿ ಹಬ್ಬಕ್ಕೆ, ಮತ್ತಾಯ 1ರಲ್ಲಿರುವ ಯೇಸುವಿನ ವಂಶಾವಳಿ. ಆ ಹೆಸರುಗಳ ಸಾಲನ್ನು ಹಾರಿಸಿ 18ನೇ ವಚನಕ್ಕೆ ಹೋಗಲು ಅನುಮತಿಯೇನೋ ಇದೆ, ಹೋಗಬೇಡಿ ಅನ್ನುತ್ತೇನೆ. ಗಂಡಸರ ಹೆಸರುಗಳ ನಡುವೆ ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ ಬರುತ್ತಾರೆ, ಆಮೇಲೆ ಮರಿಯ. ಮರಿಯಳಿಗೆ ಮುಂಚಿನ ಆ ನಾಲ್ವರನ್ನೇ ಮತ್ತಾಯ ಏಕೆ ಆರಿಸಿದರು ಎಂಬುದೊಂದೇ ಇಡೀ ದಿನದ ಧ್ಯಾನಕ್ಕೆ ಸಾಕು.