ಅರವತ್ತು ತುಂಬಿದ ವಿ.ವಿ.ಯ ನೆನಪು ಯಾರ ಹತ್ತಿರ ಇದೆ?

ಬೆಂಗಳೂರು ವಿಶ್ವವಿದ್ಯಾಲಯ ಶುರುವಾಗಿದ್ದು 1964ರಲ್ಲಿ. ನಮ್ಮ ಕೃಷಿ ವಿಶ್ವವಿದ್ಯಾಲಯವೂ ಅದೇ ವರ್ಷದ್ದು. ಎರಡಕ್ಕೂ ಅರವತ್ತು ದಾಟಿದೆ. ವಜ್ರಮಹೋತ್ಸವ ಅಂದರೆ ಶಾಲು, ಹಾರ, ಸ್ಮರಣ ಸಂಚಿಕೆ, ಎಲ್ಲೋ ಒಂದು ಕಮಾನು. ಬೇಡ ಅನ್ನುತ್ತಿಲ್ಲ, ಹಬ್ಬ ಅಂದ ಮೇಲೆ ಅದೆಲ್ಲ ಇರಲಿ. ಆದರೆ ಇಂಥ ಹಬ್ಬದ ದುಡ್ಡಿನಲ್ಲಿ ದೊಡ್ಡ ಪಾಲು ಹಳಬರ ಮಾತು ಕೂಡಿಡೋಕೆ ಹೋಗಬೇಕು.

ನಾನು ಎಂ.ಎಸ್ಸಿ. ಓದಿದ ಕಡೆ ಒಬ್ಬರು ಲ್ಯಾಬ್ ಅಟೆಂಡರ್ ಇದ್ದರು. ಬೀರುವಿನ ಯಾವ ಖಾನೆಯಲ್ಲಿ ಯಾವ ಸ್ಲೈಡ್ ಇದೆ, ಯಾವ ಗಿಡವನ್ನು ಯಾವ ಮೇಷ್ಟ್ರು ಎಲ್ಲಿಂದ ತಂದರು, ಎಲ್ಲ ಅವರ ಬಾಯಲ್ಲೇ. ಹಳೇ ಪಂಚೆ ತುಂಡಲ್ಲಿ ಸ್ಲೈಡ್ ಒರೆಸುತ್ತಾ, "ನಾನು ಕೆಲಸಕ್ಕೆ ಸೇರಿದಾಗ ಇಲ್ಲಿ ಬರೀ ಬಯಲು ಕಣಮ್ಮ, ಆ ಮರಕ್ಕೆಲ್ಲ ಬಿಂದಿಗೆಯಲ್ಲಿ ನೀರು ಹೊತ್ತಿದ್ದೀವಿ" ಅನ್ನೋರು. ಅವರು ರಿಟೈರ್ ಆದರು. ಒಂದು ಸಾಲೂ ಎಲ್ಲೂ ದಾಖಲಾಗಲಿಲ್ಲ.

ಇದೇನು ಆಗದ ಕೆಲಸ ಅಲ್ಲ. ನಮ್ಮ ಕೃಷಿ ವಿ.ವಿ.ಯ ಜಿಕೆವಿಕೆ ಆವರಣದಲ್ಲೇ ಇರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ನೋಡಿ. 25 ವರ್ಷ ತುಂಬಿದ ಸಂದರ್ಭಕ್ಕೆ ಅಲ್ಲಿನವರನ್ನು ಮಾತಾಡಿಸಿ, ರೆಕಾರ್ಡ್ ಮಾಡಿ, ಹಳೇ ಫೋಟೊ, ಪತ್ರ ಹುಡುಕಿ ಪ್ರದರ್ಶನ ಮಾಡಿದರು. 2019ರಲ್ಲಿ ಸಾರ್ವಜನಿಕರೂ ಬಳಸಬಹುದಾದ ಆರ್ಕೈವ್ಸ್ ತೆರೆದರು. ವಿಜ್ಞಾನದ ಸಂಸ್ಥೆಯೊಂದು ಇಷ್ಟು ಅಕ್ಕರೆಯಿಂದ ಇತಿಹಾಸ ಕಾಪಾಡಿದ್ದು ನನಗೆ ತುಂಬಾ ಹಿಡಿಸಿತು.

ಬೆಂಗಳೂರು ವಿ.ವಿ. ಹತ್ತಿರ ಕಥೆಗಳಿಗೇನು ಬರವಾ? ಅದರ ಬೇರು ಇರುವ ಸೆಂಟ್ರಲ್ ಕಾಲೇಜು 1858ರದ್ದು. ಎಚ್. ನರಸಿಂಹಯ್ಯನವರು ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿ ಮಾಡಿದ್ದರು. ಒಂದು ವಿಶ್ವವಿದ್ಯಾಲಯ ದೇಶದ ಎದುರು ನಿಂತು ಪ್ರಶ್ನೆ ಕೇಳಿದ ಕಾಲ ಅದು. ಆಗ ತರಗತಿಗಳಲ್ಲಿ ಏನು ಮಾತಾಡಿದರು, ಹಾಸ್ಟೆಲಿನಲ್ಲಿ ಏನು ಜಗಳ ಆಯಿತು? ಆಗ ಓದುತ್ತಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಕೇಳೋದಾದರೆ ಈಗಲೇ ಕೇಳಬೇಕು, ಅಲ್ವಾ? ಕೃಷಿ ವಿ.ವಿ. ರೂಪಿಸಿದ ಇಂಡಾಫ್ ರಾಗಿ ತಳಿಯನ್ನು ಮೊದಮೊದಲು ಬಿತ್ತಿದ ರೈತರ ಮಾತೂ ಹಾಗೇ.

ಇನ್ನೊಂದು ತೊಡಕಿದೆ. 2017ರಲ್ಲಿ ಬೆಂಗಳೂರು ವಿ.ವಿ. ಮೂರಾಯಿತು: ಹಳೇದು, ನಗರ, ಉತ್ತರ. ಸೆಂಟ್ರಲ್ ಕಾಲೇಜು ಈಗ ನಗರ ವಿಶ್ವವಿದ್ಯಾಲಯದ ಕಡೆ, ಜ್ಞಾನಭಾರತಿ ಆವರಣ ಹಳೇ ವಿ.ವಿ. ಕಡೆ. ಆಡಳಿತ ಬೇರೆಯಾಗಲಿ, ಚರಿತ್ರೆಯನ್ನು ಪಾಲು ಮಾಡೋಕೆ ಆಗಲ್ಲ. ಈ ಕೆಲಸವನ್ನು ಮೂರೂ ಕಡೆಯವರು ಒಟ್ಟಿಗೆ ಮಾಡಬೇಕು.

ಕನ್ನಡ, ಇತಿಹಾಸ, ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇದನ್ನೇ ಪ್ರಾಜೆಕ್ಟ್ ಆಗಿ ಕೊಡಿ, ಅಂಕವನ್ನೂ ಕೊಡಿ. ಪ್ರೊಫೆಸರುಗಳ ಜೊತೆ ಮೆಸ್ ಅಡುಗೆಯವರು, ಲೈಬ್ರರಿಯವರು, ತೋಟದವರನ್ನೂ ಮಾತಾಡಿಸಲಿ. ಅವರವರ ಕನ್ನಡ, ತಮಿಳು, ದಖನಿ ಹಾಗೇ ಇರಲಿ, ತಿದ್ದಬೇಡಿ. ರೆಕಾರ್ಡಿಂಗಿಗೆ ಫೋನ್ ಸಾಕು. ಒಪ್ಪಿಗೆ ಪತ್ರ, ಹೆಸರು, ತಾರೀಖು ಮಾತ್ರ ತಪ್ಪಬಾರದು.

ನಿಮ್ಮ ಮನೆಯಲ್ಲೂ ಹಳೇ ಹಾಸ್ಟೆಲ್ ಗ್ರೂಪ್ ಫೋಟೊ ಇರಬಹುದು. ಅದರ ಹಿಂದೆ ಪೆನ್ಸಿಲಿನಲ್ಲಿ ಯಾರು ಯಾರು, ಯಾವ ವರ್ಷ ಅಂತ ಇವತ್ತೇ ಬರೆದಿಡಿ.