"ಬಿಟ್ಟೆ" ಅನ್ನದ ರಿಮೋಟು

ಅಪ್ಪ ರಿಮೋಟನ್ನು ತೊಡೆಗೆ ಬಡಿಯುವ ಸದ್ದು ಕೇಳಿದರೆ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತೇವೆ. ಒಂದು ಏಟು ಬಿದ್ದರೆ ಸೆಲ್ಲು ವೀಕ್ ಆಗಿದೆ ಅಂತ ಅರ್ಥ. ಎರಡು ಏಟು ಬಿದ್ದರೆ ಸೆಲ್ಲು ಸರಿಯಾಗಿದೆ, ತಪ್ಪು ನನ್ನದು ಅಂತ ಅರ್ಥ. ಮೊನ್ನೆ ಶನಿವಾರ ರಾತ್ರಿ ಎರಡು ಏಟು ಬಿತ್ತು.

ತಪ್ಪು ನನ್ನದೇ. ತುಮಕೂರಿನ ಮನೆಯ ಹಳೇ ಟಿವಿಗೆ ರಾಸ್ಪ್‌ಬೆರಿ ಪೈ ಅನ್ನುವ ಒಂದು ಅಂಗೈಯಗಲದ ಕಂಪ್ಯೂಟರ್ ಸಿಕ್ಕಿಸಿದ್ದೆ. ಅದಕ್ಕೊಂದು ಮೂರು ಕಾಲಿನ ರಿಸೀವರ್ ಕಟ್ಟಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸೆಟ್‌ಟಾಪ್ ಬಾಕ್ಸಿನ ರಿಮೋಟಿಗೆ ಮರುಜನ್ಮ ಕೊಟ್ಟಿದ್ದೆ. ಅಪ್ಪನ ಹಳೇ ಹಾಡುಗಳೆಲ್ಲ ಅದರೊಳಗೆ. ಮೇಲೆ, ಕೆಳಗೆ, ಎಡ, ಬಲ, ವಾಲ್ಯೂಮ್ ಎಲ್ಲ ಕೆಲಸ ಮಾಡುತ್ತಿತ್ತು. ಓಕೆ ಒಂದು ಬಿಟ್ಟು. ಹಾಡಿನ ಹೆಸರಿನ ತನಕ ಹೋಗಬಹುದು, ಹಾಡು ಹಾಕುವ ಹಾಗಿಲ್ಲ.

"ಕಂಪ್ಯೂಟರ್ ಇಂಜಿನಿಯರ್ ಅಂತೀಯ, ಒಂದು ಓಕೆನ ಓಕೆ ಮಾಡೋಕಾಗಲ್ವೇನೋ?" ಅಂದರು ಅಪ್ಪ.

"ಡ್ರೈವರ್ ನೋಡ್ಬೇಕಪ್ಪ."

ಅಡುಗೆಮನೆಯಿಂದ ಅಮ್ಮ, "ಯಾವ ಡ್ರೈವರೋ? ಸೋಮವಾರ ಟ್ರೇನಲ್ಲಿ ಹೋಗಲ್ವಾ ನೀನು?" ಅಂದಳು.

"ಆ ಡ್ರೈವರ್ ಅಲ್ಲಮ್ಮ, ಕರ್ನಲ್ ಡ್ರೈವರ್."

"ಮಿಲಿಟ್ರಿಯವರಾ?"

ಕರ್ನಲ್ ಅಂದರೆ ಕಂಪ್ಯೂಟರನ್ನು ನಡೆಸುವ ತಿರುಳು ತಂತ್ರಾಂಶ, ಡ್ರೈವರ್ ಅಂದರೆ ಅದಕ್ಕೆ ರಿಮೋಟಿನಂಥ ಸಾಮಾನಿನ ಮಾತು ತಿಳಿಸುವ ಭಾಗ. ಅವತ್ತು ರಾತ್ರಿ ಒಂದೂವರೆಗೆ ಕಳೆದುಹೋದ ಓಕೆ ಸಿಕ್ಕಿತು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಡ್ರೈವರ್ ಅಂದ ತಕ್ಷಣ ಬೇರೆ ಏನೋ ನೆನಪಾಗಿದೆ, ಅದನ್ನು ಮುಗಿಸಿಬಿಡುತ್ತೇನೆ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆ ಮುಗಿಸಿಕೊಂಡು ಕೊರಟಗೆರೆ ಕಡೆಯ ಅಜ್ಜಿ ಊರಿಗೆ ಪ್ರೈವೇಟ್ ಬಸ್ಸಿನಲ್ಲಿ ಹೊರಟಿದ್ದೆವು. ಒಳಗೆ ಜನ, ಜನರ ಮೇಲೆ ಚೀಲ, ಚೀಲದ ಮೇಲೆ ಮಕ್ಕಳು. ಡ್ರೈವರಿಗೆ ಹಿಂದೆ ಏನೂ ಕಾಣದು. ಕಂಡಕ್ಟರ್ ಒಂದು ವಿಷಲ್ ಹೊಡೆದರೆ ನಿಲ್ಲಿಸಬೇಕು, ಎರಡು ಹೊಡೆದರೆ ಹೊರಡಬೇಕು. ಅಷ್ಟೇ ಅವರಿಬ್ಬರ ಒಪ್ಪಂದ.

ನಮ್ಮ ಹಿಂದಿನ ಸೀಟಿನಲ್ಲಿ ಒಬ್ಬ ಪುಟ್ಟ ಹುಡುಗ, ಅವನ ಅಜ್ಜಿ. ಹುಡುಗನ ಕೊರಳಲ್ಲಿ ಜಾತ್ರೆಯಲ್ಲಿ ಕೊಡಿಸಿದ ಹಸಿರು ಪ್ಲಾಸ್ಟಿಕ್ ವಿಷಲ್. ಊರು ದಾಟಿದ ಮೇಲೆ ಒಂದು ಸಲ ಊದಿದ. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. "ಇಳಿಯೋರು ಬೇಗ ಇಳೀರಿ" ಅಂತ ಡ್ರೈವರ್ ಕೂಗಿದ. "ಯಾರು ನಿಲ್ಸು ಅಂದಿದ್ದು ನಿಂಗೆ?" ಅಂತ ಕಂಡಕ್ಟರ್ ಕೂಗಿದ. ಎರಡು ವಿಷಲ್ ಆಯಿತು, ಬಸ್ಸು ಹೊರಟಿತು. ಎರಡು ಫರ್ಲಾಂಗ್ ಹೋಗಿಲ್ಲ, ಹುಡುಗ ಮತ್ತೆ ಊದಿದ.

ಮೂರನೇ ಸಲಕ್ಕೆ ಸಿಕ್ಕಿಬಿದ್ದ. ಕಂಡಕ್ಟರ್ ವಿಷಲ್ ಕಿತ್ತುಕೊಳ್ಳಲು ಬಂದರೆ ಅಜ್ಜಿ ಬಿಡಲಿಲ್ಲ. "ದುಡ್ಡು ಕೊಟ್ಟು ತಗೊಂಡಿರೋದು ಕಣಪ್ಪ, ನಿನ್ನ ಬಸ್ಸಿಂದಲ್ಲ" ಅಂದು ಸೆರಗಿಗೆ ಗಂಟು ಹಾಕಿಕೊಂಡಳು.

ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬರು ಯಜಮಾನರು ಇದನ್ನೆಲ್ಲ ಸುಮ್ನೆ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ತಿರುಗಿ, "ಅವ್ವಾ, ಮಗೀಗೆ ಅದನ್ನ ಒಂದ್ಗಳಿಗೆ ಕೊಡು" ಅಂದರು. "ಮಗಾ, ಆ ಹುಣಸೆಮರ ಕಾಣುತ್ತಲ್ಲ, ಅಲ್ಲೊಂದು ಊದು." ಊದಿದ. ಬಸ್ಸು ನಿಂತಿತು. ಯಜಮಾನರು ತಮ್ಮ ತೆಂಗಿನ ತೋಟದ ಗೇಟಿನ ಎದುರೇ ಇಳಿದು, ಪಂಚೆ ಕೊಡವಿಕೊಂಡು ಒಳಗೆ ಹೋದರು. ಅಲ್ಲಿ ಸ್ಟಾಪೇ ಇರಲಿಲ್ಲ.

ಆಮೇಲೆ ಕೇಳಬೇಕಾ? "ಮಗಾ, ಪಂಪ್‌ಸೆಟ್ ಹತ್ರ." "ಮಗಾ, ನಮ್ಮನೆ ಜಗಲಿ ಮುಂದೆ." ಒಬ್ಬಾಕೆ ಜಾತ್ರೆಯ ಕಡ್ಲೇಪುರಿಯನ್ನು ಲಂಚ ಕೊಟ್ಟಳು. ಆ ಹುಡುಗನಿಗೆ ಅವತ್ತು ಸಿಕ್ಕ ಮರ್ಯಾದೆ ಕಂಡಕ್ಟರಿಗೆ ಇಡೀ ಸರ್ವೀಸಿನಲ್ಲಿ ಸಿಕ್ಕಿರಲಿಕ್ಕಿಲ್ಲ.

ಕೊನೆಗೆ ಡ್ರೈವರ್ ಇಳಿದು ಬಂದು ಹೊಸ ಕಾನೂನು ಮಾಡಿದ. ಇನ್ನು ಬರೀ ವಿಷಲಿಗೆ ನಿಲ್ಲಿಸಲ್ಲ. ಮೊದಲು ಬಾಗಿಲ ತಗಡನ್ನು ಜೋರಾಗಿ ಬಡಿಯಬೇಕು, ಆಮೇಲೆ ಊದಬೇಕು. ತಗಡಿಲ್ಲದ ವಿಷಲ್ ಲೆಕ್ಕಕ್ಕಿಲ್ಲ. ಕಾನೂನು ಚೆನ್ನಾಗಿತ್ತು. ಆದರೆ ನಮ್ಮ ಊರು ಬಂದಾಗ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಜನರ ನಡುವೆ ಸಿಕ್ಕಿಕೊಂಡಿದ್ದ. ತಗಡು ಕೈಗೆ ಎಟುಕಲಿಲ್ಲ. ಬರೀ ಊದಿದ, ಹತ್ತು ಸಲ. ನಾವು ಚೀಲ ಹೊತ್ತು ಅರ್ಧ ಮೈಲಿ ಹಿಂದಕ್ಕೆ ನಡೆದೆವು. ಅಮ್ಮ ದಾರಿಯುದ್ದಕ್ಕೂ ಬೈದದ್ದು ಕಂಡಕ್ಟರನ್ನಲ್ಲ, ಡ್ರೈವರನ್ನಲ್ಲ, ನನ್ನನ್ನು. ನಾನು ನಕ್ಕಿದ್ದೆನಂತೆ.

ರಿಮೋಟಿನವರು ಮಾಡಿರುವುದೂ ಇದೇ ತಗಡಿನ ಉಪಾಯ. ರಿಮೋಟು ಮಾತಾಡುವುದು ಇನ್‌ಫ್ರಾರೆಡ್ ಅನ್ನುವ, ಕಣ್ಣಿಗೆ ಕಾಣದ ಬೆಳಕಿನಲ್ಲಿ. ಅದು ಬಿಸಿಲಿನಲ್ಲೂ ಇದೆ, ಬಲ್ಬಿನಲ್ಲೂ ಇದೆ, ಒಲೆಯಲ್ಲೂ ಇದೆ. ಅದರ ನಡುವೆ ತನ್ನ ಬೆಳಕು ಬೇರೆ ಅಂತ ಗೊತ್ತಾಗಲು ರಿಮೋಟು ಸೆಕೆಂಡಿಗೆ 38 ಸಾವಿರ ಸಲ ಮಿಣುಕುತ್ತದೆ. ಅದರ ಮೇಲೆ ಮೊದಲು 9 ಮಿಲಿಸೆಕೆಂಡು ಒಂದೇ ಸಮ ಬಡಿತ, ನಾಲ್ಕೂವರೆ ಮಿಲಿಸೆಕೆಂಡು ಮೌನ, ಆಮೇಲೆ ವಿಷಯ. ಇದು ಎನ್‌ಇಸಿ ಅನ್ನುವ ಜಪಾನಿ ಕಂಪನಿಯ ಪದ್ಧತಿ. ಸೋನಿಯವರದು 40 ಸಾವಿರ, ಅವರ ತಗಡಿನ ಬಡಿತ 2.4 ಮಿಲಿಸೆಕೆಂಡು. ಫಿಲಿಪ್ಸ್‌ನವರ ಆರ್‌ಸಿ-5ಕ್ಕೆ 36 ಸಾವಿರ, ತಗಡೇ ಇಲ್ಲ. ಜೆವಿಸಿ, ಶಾರ್ಪ್, ಸ್ಯಾನ್ಯೋ, ಎಲ್ಲರದ್ದೂ ಬೇರೆ ಬೇರೆ. ಇಷ್ಟೆಲ್ಲ ಯಾತಕ್ಕೆ? ಸೌಂಡ್ ಜಾಸ್ತಿ ಮಾಡು ಅಂತ ಹೇಳೋದಕ್ಕೆ. ಒಂದು ಕಡೆ ಕೂತು ಟೀ ಕುಡಿದು ಒಂದೇ ಪದ್ಧತಿ ಮಾಡಿಕೊಂಡಿದ್ದರೆ ಇವರ ಗಂಟೇನು ಹೋಗುತ್ತಿತ್ತೋ.

ಇವರೆಲ್ಲರ ಪಾಪ ತೊಳೆಯುವ ಕೆಲಸ ಪೈಯನ್ನು ನಡೆಸುವ ಲಿನಕ್ಸ್‌ನ ಕರ್ನಲ್‌ಗೆ ಬಿದ್ದಿದೆ. 2010ರವರೆಗೆ ಬಹಳಷ್ಟು ರಿಮೋಟುಗಳ ಕೆಲಸ ಕರ್ನಲ್‌ನ ಹೊರಗಡೆ, ಲರ್ಕ್ ಅನ್ನುವ ತಂತ್ರಾಂಶದಲ್ಲಿ ನಡೆಯುತ್ತಿತ್ತು. ಆಮೇಲೆ ಆರ್‌ಸಿ ಕೋರ್ ಅಂತ ಒಳಗೇ ಒಂದು ಮನೆ ಕಟ್ಟಿದರು. ಅಲ್ಲಿ ಪದ್ಧತಿಗೊಂದು ಡಿಕೋಡರ್, ಅಂದರೆ ಮಿಣುಕನ್ನು ಬಿಡಿಸಿ ಓದುವವನು. ಬೆಳಕು ಬಂದರೆ ಆನ್ ಆಗಿರುವ ಅಷ್ಟೂ ಡಿಕೋಡರ್‌ಗಳು ಒಟ್ಟಿಗೆ ಕಿವಿಗೊಡುತ್ತವೆ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಶಿವ..." ಅಂತ ಕೂಗಿ ನೋಡಿ. ಶಿವಣ್ಣ, ಶಿವರುದ್ರಪ್ಪ, ಶಿವಲಿಂಗಯ್ಯ, ಅರ್ಧ ಬಸ್‌ಸ್ಟ್ಯಾಂಡು ತಿರುಗುತ್ತದೆ. "ಶಿವಕು..." ಅನ್ನುವಷ್ಟರಲ್ಲಿ ಇವರೆಲ್ಲ ನಮ್ಮನ್ನಲ್ಲ ಅಂತ ಮುಖ ತಿರುಗಿಸುತ್ತಾರೆ. ಉಳಿಯುವವರು ಶಿವಕುಮಾರರು ಮಾತ್ರ. ಸಿದ್ಧಗಂಗೆಯ ದೊಡ್ಡ ಸ್ವಾಮಿಗಳ ಹೆಸರಿಟ್ಟುಕೊಂಡವರು ನಮ್ಮೂರಲ್ಲಿ ಕಮ್ಮಿಯಾ? ಕರ್ನಲ್‌ನಲ್ಲೂ ಹೀಗೇ. ಲೆಕ್ಕ ತಪ್ಪಿದ ಡಿಕೋಡರ್ ಅಲ್ಲೇ ಸುಮ್ಮನಾಗುತ್ತದೆ.

ಲೆಕ್ಕ ಅಂದರೆ ಅದೂ ಅಷ್ಟಕ್ಕಷ್ಟೇ. ಆ 9 ಮಿಲಿಸೆಕೆಂಡಿನ ಬಡಿತ ಎಂಟನೇ ಒಂದು ಭಾಗದಷ್ಟು ಹೆಚ್ಚುಕಮ್ಮಿ ಆದರೂ ಎನ್‌ಇಸಿ ಡಿಕೋಡರ್ ಒಪ್ಪಿಕೊಳ್ಳುತ್ತದೆ. ಇದನ್ನು ಅಪ್ಪನಿಗೆ ಹೇಳಿದ್ದು ನನ್ನ ಎರಡನೇ ತಪ್ಪು. ಅಪ್ಪ ನಮ್ಮೂರ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಣ್ಣು ಮುಚ್ಚಿ ಗುಣಿಸಿದರು.

"ಎಂಟನೇ ಒಂದು ಭಾಗ ಅಂದ್ರೆ ದಿನಕ್ಕೆ ಮೂರು ಗಂಟೆ ಕಣೋ. ಅಂಥ ವಾಚು ಟೇಬಲ್ ಮೇಲಿಟ್ಟಿದ್ರೆ ನಮ್ಮ ಸೂಪರ್‌ವೈಸರ್ ನನ್ನನ್ನೇ ಆಚೆ ಎಸೀತಿದ್ದ."

"ರಿಮೋಟಿನ ಸೆಲ್ಲು ಇಳಿದಾಗ, ಬಿಸಿಲು ಬಿದ್ದಾಗ ಸ್ವಲ್ಪ ಹೊಂದ್ಕೋಬೇಕಲ್ಲಪ್ಪ."

"ಸ್ವಲ್ಪ ಅಂತೆ" ಅಂದರು.

ಆದರೂ ಎನ್‌ಇಸಿ ನನಗೆ ಇಷ್ಟ. ಅದು ಅಮ್ಮನ ಹಾಗೆ ಮಾತಾಡುತ್ತದೆ. ಅಮ್ಮ ಯಾವುದನ್ನೂ ಒಂದೇ ಸಲ ಹೇಳುವುದಿಲ್ಲ. "ಬೇಗ ಬಾ, ತಡ ಮಾಡ್ಬೇಡ." "ಬಿಸಿ ಇದ್ದಾಗ್ಲೇ ತಿನ್ನು, ಆರಿಸ್ಕೋಬೇಡ." ಒಂದು ಸಲ ನೆಟ್ಟಗೆ, ಒಂದು ಸಲ ಉಲ್ಟಾ. ಎನ್‌ಇಸಿಯ 32 ಬಿಟ್ಟುಗಳೂ (ಸೊನ್ನೆ, ಒಂದುಗಳು) ಹೀಗೇ: ವಿಳಾಸ, ವಿಳಾಸದ ಉಲ್ಟಾ, ಆಜ್ಞೆ, ಆಜ್ಞೆಯ ಉಲ್ಟಾ. ಎರಡೂ ತಾಳೆ ಆದರೆ ಸರಿಯಾಗಿ ಕೇಳಿಸಿದೆ ಅಂತ ಲೆಕ್ಕ. ಆಮೇಲೆ ವಿಳಾಸಗಳು ಸಾಲದೆ ಬಂದು, ವಿಳಾಸದ ಉಲ್ಟಾ ಇದ್ದ ಜಾಗವನ್ನೂ ವಿಳಾಸಕ್ಕೇ ಬಳಸಿಕೊಂಡರು, ಸೆಟ್‌ಬ್ಯಾಕ್ ಜಾಗದಲ್ಲಿ ಬಾತ್‌ರೂಮ್ ಕಟ್ಟಿಕೊಂಡ ಹಾಗೆ. ಗುಂಡಿ ಒತ್ತಿ ಹಿಡಿದುಕೊಂಡರೆ ಎನ್‌ಇಸಿ ಎಲ್ಲವನ್ನೂ ಮತ್ತೆ ಹೇಳುವುದಿಲ್ಲ. ಒಂದು ಸೆಕೆಂಡಿನಲ್ಲಿ ಸುಮಾರು ಒಂಬತ್ತು ಸಲ "ಹೂಂ" ಅನ್ನುತ್ತದೆ, ಅಷ್ಟೇ. ಮೊದಲ ಮಾತು ತಪ್ಪಿಸಿಕೊಂಡು ಬರೀ ಹೂಂಗುಟ್ಟುವುದನ್ನು ಕೇಳಿದವನಿಗೆ ಏನೂ ತಿಳಿಯದು. ಕರ್ನಲ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಕೀಬೋರ್ಡು ಒತ್ತಿದಾಗ "ಒತ್ತಿದೆ" ಅನ್ನುತ್ತದೆ, ಬಿಟ್ಟಾಗ "ಬಿಟ್ಟೆ" ಅನ್ನುತ್ತದೆ. ಎನ್‌ಇಸಿ ರಿಮೋಟು "ಬಿಟ್ಟೆ" ಅನ್ನುವುದೇ ಇಲ್ಲ. ಹೂಂ ಅನ್ನುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತದೆ. ನಾವು ಫೋನಿನಲ್ಲಿ ಮಾತು ಮುಗಿದ ಮೇಲೂ "ಸರಿ ಹಾಗಾದ್ರೆ, ಇಡ್ತೀನಿ, ಆಯ್ತು, ಇಡ್ಲಾ?" ಅಂತ ಐದು ನಿಮಿಷ ಎಳೆಯುವ ಜನ. ಇದಕ್ಕೆ ಆ ಸೌಜನ್ಯವೇ ಇಲ್ಲ. ಕರ್ನಲ್ ಸ್ವಲ್ಪ ಹೊತ್ತು ಕಾಯುತ್ತದೆ. ಇನ್ನೊಂದು ಹೂಂ ಬರಲಿಲ್ಲ ಅಂದರೆ, ಬಿಟ್ಟಿರಬೇಕು ಅಂತ ತಾನೇ ಬರೆದುಕೊಳ್ಳುತ್ತದೆ. ಎಷ್ಟು ಹೊತ್ತು ಕಾಯಬೇಕು? ಅಲ್ಲೇ ಇರುವುದು ಎಲ್ಲ ಜಗಳ. ಜಾಸ್ತಿ ಕಾದರೆ ಒಂದು ಸಲ ಒತ್ತಿದ್ದು ಎರಡಾಗುತ್ತದೆ, ಕಮ್ಮಿ ಕಾದರೆ ಒತ್ತಿಹಿಡಿದದ್ದು ತುಂಡಾಗುತ್ತದೆ. ಒತ್ತಿಹಿಡಿದ ಗುಂಡಿಯನ್ನು ಎಷ್ಟು ಹೊತ್ತಾದ ಮೇಲೆ ಮತ್ತೆ ಮತ್ತೆ ಒತ್ತಿದ ಹಾಗೆ ಎಣಿಸಬೇಕು ಅನ್ನುವ ಕಡೆ ಕೋಡಿನಲ್ಲೇ ಒಬ್ಬ ಪುಣ್ಯಾತ್ಮ ಟಿಪ್ಪಣಿ ಬರೆದಿದ್ದಾನೆ: 250 ಮಿಲಿಸೆಕೆಂಡು ಕೆಲವಕ್ಕೆ ಸಾಲದು, ಅದಕ್ಕೆ 500 ಮಾಡಿದೆ. ಓದಿ ನನಗೆ ಸಮಾಧಾನವಾಯಿತು. ಅಪ್ಪನಿಗೆ ಆಗಲಿಲ್ಲ.

"ಅಂದಾಜಾ?" ಅಂದರು.

"ಹೂಂ."

"ಇಡೀ ಪ್ರಪಂಚ ಇದ್ರ ಮೇಲೆ ನಡೀತಿದೆ ಅಂತೀಯಲ್ಲೋ, ಅಂದಾಜಲ್ಲಾ?"

ಓಕೆ ಕಥೆ ಇನ್ನೂ ಕೆಟ್ಟದ್ದು. ಎಷ್ಟು ತಡಕಿದರೂ ಡ್ರೈವರಿನಲ್ಲಿ ತಪ್ಪಿಲ್ಲ. ರಿಮೋಟು ಸರಿಯಾಗಿ ಹೇಳುತ್ತಿದೆ, ಡಿಕೋಡರ್ ಸರಿಯಾಗಿ ಕೇಳುತ್ತಿದೆ, ಓಕೆ ಒತ್ತಿದಾಗಲೆಲ್ಲ ಪರದೆಯ ಮೇಲೆ ಓಕೆ ಅಂತ ಅಚ್ಚುಕಟ್ಟಾಗಿ ಬರುತ್ತಿದೆ. ಹಾಡು ಮಾತ್ರ ಬರುತ್ತಿಲ್ಲ. ಒಂದೂವರೆ ಹೊತ್ತಿಗೆ ಸಿಕ್ಕಿತು. ಕರ್ನಲ್‌ನಲ್ಲಿ ಪ್ರತಿ ಗುಂಡಿಗೂ ಒಂದು ನಂಬರ್. ಮ್ಯೂಟ್ 113, ಸೌಂಡ್ ಇಳಿಸೋದು 114, ಏರಿಸೋದು 115, ಪವರ್ 116. ಓಕೆಗೆ 352. ಅದರ ಮೇಲೆ ಕೂತಿರುವ, ಪರದೆ, ಕೀಬೋರ್ಡು ನೋಡಿಕೊಳ್ಳುವ, 1987ರಿಂದ ಬಂದ ಎಕ್ಸ್ 11 ಅನ್ನುವ ಹಳೇ ಯಜಮಾನರಿಗೆ 255ರ ಆಚೆ ಎಣಿಸಲು ಬರುವುದಿಲ್ಲ. ಅದರಲ್ಲೂ ಮೊದಲ ಎಂಟನ್ನು ತಮಗೇ ಇಟ್ಟುಕೊಂಡಿದ್ದಾರೆ, ಹಾಗಾಗಿ ಕರ್ನಲ್‌ನ 247ರ ತನಕ ಮಾತ್ರ ಅವರಿಗೆ ಕಾಣುತ್ತದೆ. ರಿಮೋಟಿನ ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ಕೂತಿರುವ ಗುಂಡಿ ಅವರ ಪಾಲಿಗೆ ಹುಟ್ಟೇ ಇಲ್ಲ. ಇದು ಗೊತ್ತಿದ್ದವರು ಎಷ್ಟೋ ವರ್ಷದಿಂದ ಓಕೆಯನ್ನು ಎಂಟರ್ ಅಂತ ಬದಲಿಸಿಕೊಂಡು ತಮ್ಮ ಪಾಡಿಗೆ ಹಾಡು ಕೇಳುತ್ತಿದ್ದಾರೆ. ನಮ್ಮಂಥವರು ರಾತ್ರಿ ಒಂದೂವರೆಗೆ ಕಂಡುಹಿಡಿಯಬೇಕು.

ನಾನೂ ಗುಂಡಿಗಳ ಅರ್ಥ ಬದಲಿಸುವ ಐಆರ್-ಕೀಟೇಬಲ್ ಅನ್ನುವ ತಂತ್ರಾಂಶದಲ್ಲಿ ಓಕೆ ತೆಗೆದು ಎಂಟರ್ ಹಾಕಿದೆ. ಅದರ ನಂಬರ್ 28. ಭಾನುವಾರ ಪೂರ್ತಿ ಹಾಡಿನ ಮೇಲೆ ಹಾಡು. ಅಪ್ಪ ಒಂದು ಸಲವೂ ರಿಮೋಟ್ ಬಡಿಯಲಿಲ್ಲ. ಒತ್ತಿ, ಬೆರಳೆತ್ತಿ, "ಬಿಟ್ಟೆ ಕಣಪ್ಪ" ಅಂತ ಟಿವಿ ಕಡೆ ನೋಡಿ ಗಟ್ಟಿಯಾಗಿ ಹೇಳುತ್ತಿದ್ದರು. ಅಣಕವೋ ಸಹಾಯವೋ ಗೊತ್ತಾಗಲಿಲ್ಲ.

ಸೋಮವಾರ ಬೆಳಗ್ಗೆ ರೈಲು ಹಿರೇಹಳ್ಳಿ ದಾಟಿತ್ತು. ನಿಂತುಕೊಳ್ಳಲು ಒಂದು ಕಾಲಿಗೆ ಮಾತ್ರ ಜಾಗ. ಫೋನ್ ಬಂತು.

"ಕರೆಂಟ್ ಹೋಗಿ ಬಂತು. ನಿನ್ನ ಓಕೆ ಮತ್ತೆ ಹೋಯ್ತು."

ಬದಲಾಯಿಸಿದ್ದನ್ನು ಫೈಲಿಗೆ ಬರೆದಿಡದೆ ಬಂದಿದ್ದೆ. ಪೈ ಹೊಸದಾಗಿ ಎದ್ದು, ಓಕೆ ಮತ್ತೆ 352ಕ್ಕೆ ಹೋಗಿ ಕೂತಿತ್ತು.

"ಶನಿವಾರ ಬಂದು ಮಾಡ್ತೀನಪ್ಪ."

"ಆಯ್ತು. ಊಟ ಮಾಡು ಹೊತ್ತಿಗೆ ಸರಿಯಾಗಿ. ಇಡ್ತೀನಿ."

ಇಡಲಿಲ್ಲ. ಫೋನನ್ನು ಪಕ್ಕಕ್ಕೆ ಹಾಕಿದರು ಅಂತ ಕಾಣುತ್ತೆ. ಟಿವಿ ಮುಂದಿನ ಕುರ್ಚಿ ಕಿರ್ ಅಂದದ್ದು ಕೇಳಿಸಿತು. ನಾನೂ ಕಟ್ ಮಾಡದೆ ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಟಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಸೆಲ್ಲು ತಿರುವಿ ಹಾಕುತ್ತಿದ್ದಾರೇನೋ.

ಆಮೇಲೆ ಟಪ್, ಟಪ್.