ನಮಗಲ್ಲದ ಮಾತು

ಬೇರೆಯವರ ಮಾತು ಕದ್ದು ಕೇಳಬಾರದು ಅಂತ ಚಿಕ್ಕಂದಿನಿಂದ ಬೈಸಿಕೊಂಡೇ ಬೆಳೆದವನು ನಾನು. ಆದರೆ ರೇಡಿಯೋ ಮುಂದೆ ಕೂತವರು ದಿನವಿಡೀ ಮಾಡುವುದು ಅದನ್ನೇ ಅಲ್ವಾ?

ಈಚೆಗೆ ನನಗೊಂದು ಹುಚ್ಚು ಹತ್ತಿದೆ. 1950ರ ದಶಕದ ಬಿಬಿಸಿ ರೇಡಿಯೋದ ಕಾರ್ಯಕ್ರಮ ಪಟ್ಟಿಗಳನ್ನು ಸುಮ್ನೆ ಓದುತ್ತಾ ಕೂರುವುದು. ಹಾಡು, ಬ್ಯಾಂಡು ದಾಟಿಸಿ ಬರೀ ಮಾತಿನ ಸಾಲುಗಳನ್ನು ಹುಡುಕುತ್ತೇನೆ. ಆಗ ಅಲ್ಲಿ ಮೂರು ವಾಹಿನಿ. ಮನೆಮಂದಿಗೆಲ್ಲ ಹೋಮ್ ಸರ್ವಿಸ್, ಹಗುರವಾಗಿ ಕೇಳೋಕೆ ಲೈಟ್ ಪ್ರೋಗ್ರಾಂ, ಸಂಜೆಯ ಮೇಲೆ ಪಂಡಿತರಿಗೆ ಥರ್ಡ್ ಪ್ರೋಗ್ರಾಂ. ವರ್ಷಕ್ಕೆ ಒಂದು ಪೌಂಡ್ ಲೈಸೆನ್ಸ್ ಕಟ್ಟಿದರೆ ಮೂರೂ ನಿಮ್ಮವು.

ಬೆಳಿಗ್ಗೆ ಎಂಟರ ವಾರ್ತೆಗೆ ಮುಂಚೆ ಐದು ನಿಮಿಷ ದೇವರ ಮಾತು. ಅದು ಬಿಡಿ, ಎಲ್ಲ ಕಡೆ ಇದ್ದದ್ದೇ. ಹನ್ನೊಂದಕ್ಕೆ ಮಿಸೆಸ್ ಡೇಲ್ ಬರುತ್ತಿದ್ದರು. ಲಂಡನ್ ಹೊರವಲಯದ ಒಬ್ಬ ಡಾಕ್ಟರ ಹೆಂಡತಿ, ತನ್ನ ಡೈರಿ ತಾನೇ ಓದುವ ಧಾರಾವಾಹಿ, 1948ರಲ್ಲಿ ಶುರುವಾದದ್ದು. ಗಂಡ ಜಿಮ್ ಬಗ್ಗೆ ಆಕೆಗೆ ಸದಾ ಚಿಂತೆ. ಸಂಜೆ ನಾಲ್ಕಕ್ಕೆ ಹೊಸ ಕಂತು, ತಪ್ಪಿಸಿಕೊಂಡವರಿಗೆ ಮರುದಿನ ಬೆಳಿಗ್ಗೆ ಅದೇ ಇನ್ನೊಮ್ಮೆ. ಪಕ್ಕದ ಮನೆಯಾಕೆಯ ಡೈರಿಯನ್ನು ದೇಶವೇ ಕೂತು ಓದುತ್ತಿತ್ತು, ಯಾರಿಗೂ ನಾಚಿಕೆಯಿಲ್ಲ!

ಮಧ್ಯಾಹ್ನ 1.45ಕ್ಕೆ ಶಾಲೆಗೆ ಹೋಗದ ಪುಟಾಣಿಗಳ ಸರದಿ. 'ಆರಾಮಾಗಿ ಕೂತ್ಕೊಂಡ್ರಾ? ಹಾಗಾದ್ರೆ ಶುರು ಮಾಡ್ತೀನಿ' ಅಂತ ಜೂಲಿಯಾ ಲ್ಯಾಂಗ್ ಕೇಳುತ್ತಿದ್ದರು, ಆಮೇಲೆ ಕಥೆ. ಹದಿನೈದು ನಿಮಿಷ ಅಷ್ಟೇ. ಆ ಮಾತು ಇಂಗ್ಲಿಷಿನಲ್ಲಿ ಗಾದೆಯ ಹಾಗೆ ನಿಂತುಬಿಟ್ಟಿದೆ. ಹಾಗೆ ನಿಲ್ಲಬೇಕಾದರೆ ಮಕ್ಕಳಷ್ಟೇ ಕೇಳಿರಲಿಕ್ಕಿಲ್ಲ, ಮೀಸೆ ಬಂದವರೂ ಆರಾಮಾಗಿ ಕೂತಿರಬೇಕು ಅಂತ ನನ್ನ ಗುಮಾನಿ. ಎರಡು ಗಂಟೆಗೆ 'ವುಮನ್ಸ್ ಅವರ್'. 1946ರಲ್ಲಿ ಶುರುವಾದಾಗ ಅದನ್ನು ನಡೆಸಿಕೊಟ್ಟದ್ದು ಒಬ್ಬ ಗಂಡಸು! ಹೆಂಗಸರ ಕಾರ್ಯಕ್ರಮಕ್ಕೂ ಬಾಗಿಲಲ್ಲಿ ಯಜಮಾನರೇ ನಿಂತಿರಬೇಕಿತ್ತು ಅನ್ನಿಸುತ್ತೆ.

ಸಂಜೆ 6.45ಕ್ಕೆ 'ದಿ ಆರ್ಚರ್ಸ್' ಅನ್ನೋ ಧಾರಾವಾಹಿ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಎರಡನೇ ಮಹಾಯುದ್ಧ ಮುಗಿದರೂ ಅಲ್ಲಿ ರೇಷನ್ ಮುಗಿದಿರಲಿಲ್ಲ, 1954ರವರೆಗೂ ಇತ್ತು. ಬೆಳೆ ಜಾಸ್ತಿ ಮಾಡಿಸಬೇಕು, ಆದರೆ ಸರ್ಕಾರದ ಉಪದೇಶ ಯಾವ ರೈತ ಕೂತು ಕೇಳ್ತಾನೆ? ಅದಕ್ಕೆ ಒಂದು ಊರು, ಒಂದು ರೈತ ಕುಟುಂಬ ಕಟ್ಟಿ, ಅತ್ತೆ ಸೊಸೆ ಜಗಳದ ನಡುವೆ ಹಸುವಿನ ರೋಗಕ್ಕೆ ಮದ್ದನ್ನೂ ಸೇರಿಸಿದರು. 1951ರ ಜನವರಿ 1ರಿಂದ ದೇಶಕ್ಕೆಲ್ಲ ಕೇಳಿಸಿತು. ಒಂದು ಕುರಿಯನ್ನೂ ಸಾಕದ ಪೇಟೆಯವರೇ ಅದಕ್ಕೆ ಮುಗಿಬಿದ್ದರು. 1955ರ ಸೆಪ್ಟೆಂಬರ್ 22ರಂದು ಹೊಸ ಖಾಸಗಿ ಟಿವಿ ಶುರುವಾದ ರಾತ್ರಿಯೇ, ಕುದುರೆ ಬಿಡಿಸಲು ಉರಿಯುವ ಲಾಯಕ್ಕೆ ನುಗ್ಗಿದ ಕಥೆಯ ಸೊಸೆ ಗ್ರೇಸ್ ಸತ್ತಳು. ಜನ ಅತ್ತರು, ಬಿಬಿಸಿಯ ಫೋನುಗಳು ಜಾಮ್ ಆದವು. ಆ ರಾತ್ರಿಯೇ ಯಾಕೆ ಸಾಯಿಸಿದರು ಅನ್ನೋದು ಬಿಡಿಸಿ ಹೇಳಬೇಕೇ?

ಈ ಬಿಬಿಸಿಯ ಮಾತಿನ ವಿಭಾಗದಲ್ಲಿದ್ದ ಲಯನೆಲ್ ಫೀಲ್ಡನ್ 1935ರಲ್ಲಿ ನಮ್ಮ ದೇಶದ ರೇಡಿಯೋ ಕಟ್ಟಲು ಬಂದರು. ಅದೇ ವರ್ಷ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ್ದರು. ಹಾಗಾಗಿ ಪರರ ಮಾತು ಕೇಳುವ ಚಟ ನಮಗೂ ಬಂತು. ನಮ್ಮ ಮನೆಗೆ ಅಂಗಳವೇ ಇರಲಿಲ್ಲ, ಆದರೂ ಕೃಷಿರಂಗದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ವಿಷಯ ಬಂದರೆ ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಬೆಳಿಗ್ಗೆ 6.55ರ ಸಂಸ್ಕೃತ ವಾರ್ತೆ ಮನೆಯಲ್ಲಿ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಅದು ಬಂದರೆ ಕಾಫಿ ಡಿಕಾಕ್ಷನ್ ಇಳಿದಿರಬೇಕು, ಅಷ್ಟೇ ಲೆಕ್ಕ.

ಆದರೆ ಈ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದ್ದು ಬಿಬಿಸಿಯ ಹಡಗಿನ ಹವಾಮಾನ ವರದಿ. ದೂರದ ಸಮುದ್ರಕ್ಕೂ ತಲುಪಲಿ ಅಂತ ಲೈಟ್ ಪ್ರೋಗ್ರಾಂನ ಲಾಂಗ್ ವೇವ್‌ನಲ್ಲಿ, 1500 ಮೀಟರಿನಲ್ಲಿ, ಬರುತ್ತಿತ್ತು. ಫೋರ್ತ್, ಟೈನ್, ಡಾಗರ್, ಫಿಶರ್, ಹಂಬರ್, ಥೇಮ್ಸ್... ಬ್ರಿಟನ್ನಿನ ಸುತ್ತಲಿನ ಕಡಲಿಗೆ ಒಂದು ಪ್ರದಕ್ಷಿಣೆ. ಗಾಳಿ ಎಲ್ಲಿಂದ, ಎಷ್ಟು ಜೋರು, ಮಳೆ ಉಂಟೋ, ಎಷ್ಟು ದೂರ ಕಾಣುತ್ತೆ, ಅಷ್ಟೇ. ಭಾವವಿಲ್ಲ, ಬಣ್ಣವಿಲ್ಲ. ದೋಣಿ ಮುಟ್ಟದವರೂ ಅದನ್ನು ಹಾಸಿಗೆಯಲ್ಲಿ ಮಲಗಿ ಸಹಸ್ರನಾಮದ ಹಾಗೆ ಕೇಳಿದವರೇ.

ಮೊನ್ನೆ ಅದರ ಒಂದು ರೆಕಾರ್ಡಿಂಗ್ ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮ ಕೇಳಿದರು, "ಏನಂತೆ, ಮಳೆ ಬರತ್ತಂತಾ?"

"ಡಾಗರ್‌ನಲ್ಲಿ ಬರತ್ತಂತೆ."

"ಅದೆಲ್ಲಿದೆಯೋ?"

"ಸಮುದ್ರದ ಮಧ್ಯೆ ಅಮ್ಮ."

"ಹಾಗಾದ್ರೆ ಬರಲಿ ಬಿಡು. ಅಲ್ಲಿ ಬಟ್ಟೆ ಯಾರು ಒಣಹಾಕಿರ್ತಾರೆ?"